ಎಡಕುಮೇರಿಯಲ್ಲಿ ರೈಲು ಯಾಕೆ ನಿಲ್ಲುತ್ತದೆ? ಸಕಲೇಶಪುರ–ಸುಬ್ರಹ್ಮಣ್ಯ ಘಾಟಿ ಸ್ಟೇಷನ್‌ಗಳ ಒಂದು ಪ್ರಕರಣ ಅಧ್ಯಯನ

ಬೆಂಗಳೂರಿನಿಂದ ಮಂಗಳೂರಿಗೆ ಹಗಲು ರೈಲಿನಲ್ಲಿ ಹೋದವರು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಸಕಲೇಶಪುರ ದಾಟಿ ಸ್ವಲ್ಪ ಹೊತ್ತಾದ ಮೇಲೆ ದಟ್ಟ ಕಾಡಿನ ನಡುವೆ ಗಾಡಿ ನಿಂತುಬಿಡುತ್ತದೆ. ಇಳಿಯುವವರಿಲ್ಲ, ಹತ್ತುವವರಿಲ್ಲ. ಕಾಫಿ, ವಡೆ ಅಂತ ಕೂಗುವವರೂ ಹೊರಗಿನಿಂದ ಬರುವುದಿಲ್ಲ. ಹಳದಿ ಬೋರ್ಡ್ ಮೇಲೆ ಎಡಕುಮೇರಿ ಅಂತ ಮೂರು ಭಾಷೆಯಲ್ಲಿ ಬರೆದಿರುತ್ತದೆ. ಊರು ಮಾತ್ರ ಕಾಣುವುದಿಲ್ಲ. ಹಾಗಿದ್ದರೆ ಇಲ್ಲೊಂದು ಸ್ಟೇಷನ್ ಯಾಕೆ?

ಈ ಪ್ರಶ್ನೆಯ ಬೆನ್ನಿಗೇ ಎರಡು ಸಲಹೆಗಳು ಬರುತ್ತವೆ. ಜನರೇ ಇಲ್ಲದ ಸ್ಟೇಷನ್ ಸುಮ್ನೆ ಖರ್ಚು, ಮುಚ್ಚಿಬಿಡಬಹುದಲ್ವಾ ಅನ್ನುವುದು ಒಂದು. ಇಷ್ಟು ಚಂದದ ಜಾಗ, ಪ್ರವಾಸಿಗರಿಗೆ ತೆರೆದು ದುಡ್ಡು ಮಾಡಬಹುದಲ್ವಾ ಅನ್ನುವುದು ಇನ್ನೊಂದು. ಕೇಳಿದರೆ ಎರಡೂ ಸರಿ ಅನ್ನಿಸುತ್ತವೆ. ಆದರೆ ಸ್ಟೇಷನ್ ಅಂದರೆ ಜನ ಹತ್ತಿ ಇಳಿಯುವ ಜಾಗ ಅನ್ನುವ ಲೆಕ್ಕದಿಂದಲೇ ಎರಡೂ ಹುಟ್ಟಿವೆ. ಈ ಘಾಟಿಯ ಸ್ಟೇಷನ್‌ಗಳನ್ನು ಆ ಲೆಕ್ಕದಲ್ಲಿ ಅಳೆಯಲು ಆಗುವುದಿಲ್ಲ. ಇವು ರೈಲಿಗಾಗಿ ಇರುವ ಸ್ಟೇಷನ್‌ಗಳು. ಇವು ಇಲ್ಲದಿದ್ದರೆ ಘಾಟಿಯಲ್ಲಿ ಗಾಡಿ ಓಡಿಸುವುದೇ ಕಷ್ಟ. 2024ರ ಜುಲೈನಲ್ಲಿ ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಜಾರಿದಾಗ ಇದು ಎಲ್ಲರಿಗೂ ಕಾಣುವಂತಾಯಿತು. ಆ ಘಟನೆಯನ್ನು ನಡುವೆ ಇಟ್ಟುಕೊಂಡು ಈ ಸ್ಟೇಷನ್‌ಗಳು ಏನು ಮಾಡುತ್ತವೆ ಅನ್ನುವುದನ್ನು ಬಿಡಿಸಿ ನೋಡೋಣ.

ದಾರಿಯ ಪರಿಚಯ

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 55 ಕಿ.ಮೀ. ಮಧ್ಯೆ ನಾಲ್ಕು ಸ್ಟೇಷನ್: ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಸಿರಿಬಾಗಿಲು. ಸುಬ್ರಹ್ಮಣ್ಯ ರೋಡ್ ಸ್ಟೇಷನ್ ಇರುವುದು ನೆಟ್ಟಣದಲ್ಲಿ. ಕುಕ್ಕೆಗೆ ಹೋಗುವವರು ಅಲ್ಲಿ ಇಳಿದು ಬಸ್ಸೋ ಜೀಪೋ ಹಿಡಿಯುತ್ತಾರೆ. ಈ 55 ಕಿ.ಮೀ. ಒಳಗೆ 57 ಸುರಂಗ, 109 ಸೇತುವೆ ಇವೆ. ಗಾಡಿ ಸುಮಾರು 800 ಮೀಟರ್ ಎತ್ತರ ಇಳಿಯುತ್ತದೆ. ಗರಿಷ್ಠ ಇಳಿಜಾರು 50ಕ್ಕೆ 1. ಅಂದರೆ 50 ಮೀಟರ್ ಮುಂದೆ ಹೋದರೆ 1 ಮೀಟರ್ ಕೆಳಗೆ. ಕಾರಿನಲ್ಲಿ ಹೋಗುವವರಿಗೆ ಇದು ಇಳಿಜಾರು ಅಂತಲೇ ಗೊತ್ತಾಗಲಿಕ್ಕಿಲ್ಲ. ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಗಾಲಿ ಉರುಳುವಾಗ ಇದು ತುಂಬ ಜಾಸ್ತಿ. 1000 ಟನ್ ತೂಕದ ಗಾಡಿಯನ್ನು ಈ ಇಳಿಜಾರು 20 ಟನ್ ಬಲದಿಂದ ಸತತವಾಗಿ ಕೆಳಗೆ ಎಳೆಯುತ್ತಿರುತ್ತದೆ.

ಮೊದಲು ಇದು ಮೀಟರ್‌ಗೇಜ್, ಅಂದರೆ ಅಗಲ ಕಡಿಮೆ ಇರುವ ಹಳಿ. 1960ರ ದಶಕದಲ್ಲಿ ಕೆಲಸ ಶುರುವಾಗಿ, ಹಾಸನ–ಮಂಗಳೂರು ಪೂರ್ತಿ ದಾರಿ 1979ರಲ್ಲಿ ತೆರೆಯಿತು. 1996ರಲ್ಲಿ ಅಗಲದ ಬ್ರಾಡ್‌ಗೇಜ್ ಮಾಡಲು ಮುಚ್ಚಿದರು. ಗೂಡ್ಸ್ ಗಾಡಿ ಮತ್ತೆ ಓಡಿದ್ದು 2006ರಲ್ಲಿ, ಪ್ರಯಾಣಿಕರ ಗಾಡಿ 2007ರ ಡಿಸೆಂಬರ್‌ನಲ್ಲಿ. ನಡುವಿನ ಆ ವರ್ಷಗಳಲ್ಲಿ ರೈಲೇ ಇಲ್ಲದ ಹಳಿಯ ಮೇಲೆ ಚಾರಣಿಗರು ನಡೆದರು. ಈ ಘಾಟಿಗೆ ಟ್ರೆಕ್ಕಿಂಗ್ ದಾರಿ ಅಂತ ಹೆಸರು ಬಂದದ್ದು ಆಗಲೇ. ಆ ಹೆಸರು ಇನ್ನೂ ಹೋಗಿಲ್ಲ, ಅದರ ತೊಂದರೆಯೂ ಹೋಗಿಲ್ಲ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಕಾಡು, ಮಳೆ, ಹೊಳೆ ಬಗ್ಗೆ ಹೇಳುತ್ತಾ ಹೋದರೆ ಮುಗಿಯುವುದಿಲ್ಲ. ಇಲ್ಲಿ ಬಿದ್ದ ಮಳೆ ನೀರು ಗುಂಡ್ಯ ಹೊಳೆ ಸೇರಿ, ಕುಮಾರಧಾರೆ ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಹೋಗುತ್ತದೆ. ಕಣಿವೆಯ ಆಚೆ ಬದಿಯಲ್ಲಿ ಶಿರಾಡಿ ಘಾಟಿಯ ಹೆದ್ದಾರಿ. ಈಚೆ ಬದಿಯ ಗುಡ್ಡದ ಹೊಟ್ಟೆ ಕೊರೆದು ಹಳಿ ಹಾಕಿದ್ದಾರೆ.

ಸಮತಟ್ಟಾದ ಜಾಗ ಹುಡುಕುವ ಕಷ್ಟ

ಬಯಲು ಸೀಮೆಯಲ್ಲಿ ಸ್ಟೇಷನ್ ಎಲ್ಲಿ ಮಾಡಬೇಕು ಅಂದರೆ ಊರು ಎಲ್ಲಿದೆ ಅಂತ ನೋಡುತ್ತಾರೆ. ಘಾಟಿಯಲ್ಲಿ ಮೊದಲು ನೋಡುವುದು ಗಾಡಿ ನಿಲ್ಲಿಸಲು ಸಮತಟ್ಟು ಜಾಗ ಎಲ್ಲಿ ಸಿಗುತ್ತದೆ ಅಂತ. ಭಾರತೀಯ ರೈಲ್ವೆಯ ನಿಯಮದ ಪ್ರಕಾರ ಸ್ಟೇಷನ್ ಯಾರ್ಡಿನ (ಗಾಡಿ ನಿಲ್ಲುವ ಹಳಿಗಳ ಜಾಗದ) ಇಳಿಜಾರು ಮಾಮೂಲಿಯಾಗಿ 400ಕ್ಕೆ 1ಕ್ಕಿಂತ ಕಡಿದಾಗಿರಬಾರದು. 1200ಕ್ಕೆ 1 ಇದ್ದರೆ ಒಳ್ಳೆಯದು. ಕಾರಣ ಸರಳ. ನಿಂತ ಬೋಗಿ ತಾನಾಗಿ ಉರುಳಬಾರದು.

ಈಗ ಲೆಕ್ಕ ಹಾಕಿ. ಉದ್ದದ ಗೂಡ್ಸ್ ಗಾಡಿ ನಿಲ್ಲಬೇಕಾದರೆ ಸುಮಾರು 700 ಮೀಟರ್ ಜಾಗ ಬೇಕು. 50ಕ್ಕೆ 1ರ ಇಳಿಜಾರಿನಲ್ಲಿ 700 ಮೀಟರ್ ಹೋದರೆ ಹಳಿ 14 ಮೀಟರ್ ಕೆಳಗೆ ಇಳಿದಿರುತ್ತದೆ. 400ಕ್ಕೆ 1ರಲ್ಲಿ ಇಳಿಯುವುದು 2 ಮೀಟರ್‌ಗಿಂತ ಕಡಿಮೆ. ಅಂದರೆ ಒಂದೊಂದು ಸ್ಟೇಷನ್ ಮಾಡಿದಾಗಲೂ ಇಳಿಯಬೇಕಾಗಿದ್ದ 12 ಮೀಟರ್ ಎತ್ತರ ಬಾಕಿ ಉಳಿಯುತ್ತದೆ. ಅದನ್ನು ಬೇರೆ ಕಡೆ ಇಳಿಸಬೇಕು. 50ಕ್ಕೆ 1ರಲ್ಲಿ 12 ಮೀಟರ್ ಇಳಿಯಲು ಇನ್ನೂ 600 ಮೀಟರ್ ಹಳಿ ಬೇಕು. ಈ ಘಾಟಿಯಲ್ಲಿ 600 ಮೀಟರ್ ಹಳಿ ಅಂದರೆ ಎಷ್ಟು ಬಂಡೆ ಕೊರೆಯಬೇಕು, ಎಷ್ಟು ಹಳ್ಳ ದಾಟಬೇಕು ಅಂತ ಯೋಚಿಸಿ. ಇಂಥ ಜಾಗದಲ್ಲಿ ಯಾರೂ ಸುಮ್ನೆ ಸ್ಟೇಷನ್ ಕಟ್ಟುವುದಿಲ್ಲ. ನಾಲ್ಕು ಸ್ಟೇಷನ್ ಕಟ್ಟಿದ್ದಾರೆ ಅಂದರೆ ನಾಲ್ಕೂ ಬೇಕೇ ಬೇಕಿತ್ತು.

ಇದೇ ಕಾರಣಕ್ಕೆ ಎಡಕುಮೇರಿಯ ಯಾರ್ಡ್ ಗುಡ್ಡದ ಬದಿಗೆ ಅಂಟಿಕೊಂಡು ಉದ್ದಕ್ಕೆ ಚಾಚಿದೆ. ಬೋಗಿಯ ಒಂದು ಬದಿಗೆ ಗುಡ್ಡ, ಇನ್ನೊಂದು ಬದಿಗೆ ಕಣಿವೆ. ಅಗಲಕ್ಕೆ ಜಾಗವೇ ಇಲ್ಲ. ಅಂಗಡಿ, ಆಟೋ ಸ್ಟ್ಯಾಂಡ್, ಪಾರ್ಕಿಂಗ್ ಅಂತ ಕನಸು ಕಾಣುವವರು ಇದನ್ನು ಮೊದಲು ನೋಡಬೇಕು.

22 ನಿಮಿಷದ ಲೆಕ್ಕ

ಇದು ಒಂಟಿ ಹಳಿ. ಎರಡು ಸ್ಟೇಷನ್‌ಗಳ ಮಧ್ಯೆ ಒಮ್ಮೆಗೆ ಒಂದೇ ಗಾಡಿ. ಎದುರಿನಿಂದ ಇನ್ನೊಂದು ಬರಬೇಕಾದರೆ ಯಾವುದಾದರೂ ಸ್ಟೇಷನ್‌ನಲ್ಲಿ ಒಂದು ಗಾಡಿ ಲೂಪ್ ಲೈನಿಗೆ, ಅಂದರೆ ಮುಖ್ಯ ಹಳಿಯಿಂದ ಕವಲೊಡೆದು ಮತ್ತೆ ಅದನ್ನೇ ಸೇರುವ ಪಕ್ಕದ ಹಳಿಗೆ, ಹೋಗಿ ಕಾಯಬೇಕು. ಇದಕ್ಕೇ ಕ್ರಾಸಿಂಗ್ ಅನ್ನುವುದು. ಎಡಕುಮೇರಿಯಲ್ಲಿ ನಿಮ್ಮ ಗಾಡಿ ಸುಮ್ಮನೆ ನಿಂತಿದೆ ಅನ್ನಿಸಿದಾಗ ಬಹುತೇಕ ನಡೆಯುತ್ತಿರುವುದು ಅದೇ. ಕೆಳಗಿನಿಂದ ಇನ್ನೊಂದು ಗಾಡಿ ಏದುಸಿರು ಬಿಡುತ್ತಾ ಮೇಲೆ ಹತ್ತುತ್ತಿರುತ್ತದೆ. ನೆಟ್ಟಣದಲ್ಲಿ ಅದಕ್ಕೆ ಹೆಚ್ಚುವರಿ ಎಂಜಿನ್ ಕಟ್ಟಿರುತ್ತಾರೆ. ರೈಲ್ವೆಯವರು ಅದಕ್ಕೆ ಬ್ಯಾಂಕರ್ ಅನ್ನುತ್ತಾರೆ. ಮೊದಲು ಸದ್ದು ಬರುತ್ತದೆ, ಆಮೇಲೆ ಸುರಂಗದ ಬಾಯಲ್ಲಿ ದೀಪ, ಆಮೇಲೆ ಇಡೀ ಗಾಡಿ. ಸ್ಟೇಷನ್ ಸಿಬ್ಬಂದಿ ಹಸಿರು ಬಾವುಟ ಹಿಡಿದು ನಿಂತು, ದಾಟಿ ಹೋಗುವ ಒಂದೊಂದು ಬೋಗಿಯ ಗಾಲಿಯನ್ನೂ ನೋಡುತ್ತಾರೆ. ಎಲ್ಲಾದರೂ ಹೊಗೆ ಇದೆಯಾ, ಬ್ರೇಕ್ ಕಚ್ಚಿಕೊಂಡಿದೆಯಾ, ಏನಾದರೂ ನೇತಾಡುತ್ತಿದೆಯಾ ಅಂತ. ಕೊನೆಯ ಬೋಗಿಯ ಗುರುತು ಕಂಡ ಮೇಲೆಯೇ ಗಾಡಿ ಪೂರ್ತಿ ಬಂತು ಅಂತ ಲೆಕ್ಕ. ಕಿಟಕಿಯಿಂದ ಇದನ್ನು ಗಮನಿಸುವವರು ಕಡಿಮೆ. ನನಗೆ ಈ ದಾರಿಯಲ್ಲಿ ಜಲಪಾತಕ್ಕಿಂತ ಹೆಚ್ಚು ಇಷ್ಟವಾಗುವುದು ಈ ನೋಟ.

55 ಕಿ.ಮೀ. ದಾರಿಯನ್ನು ನಾಲ್ಕು ಸ್ಟೇಷನ್‌ಗಳು ಐದು ತುಂಡು ಮಾಡುತ್ತವೆ. ಸರಾಸರಿ ಒಂದು ತುಂಡು 11 ಕಿ.ಮೀ. ಘಾಟಿಯ ವೇಗದ ಮಿತಿ ಗಂಟೆಗೆ 30 ಕಿ.ಮೀ. ಅಂದುಕೊಂಡರೆ ಒಂದು ತುಂಡು ದಾಟಲು 22 ನಿಮಿಷ. ಒಂದು ಮೇಲೆ, ಒಂದು ಕೆಳಗೆ, ನಡುವೆ ಲೈನ್ ಕ್ಲಿಯರ್ (ಮುಂದಿನ ಸ್ಟೇಷನ್‌ನ ಒಪ್ಪಿಗೆ) ತೆಗೆದುಕೊಂಡು ಸಿಗ್ನಲ್ ಕೊಡಲು ಹತ್ತು ನಿಮಿಷ ಸೇರಿಸಿದರೆ, ಒಂದು ಜೋಡಿ ಗಾಡಿಗೆ 54 ನಿಮಿಷ. ದಿನಕ್ಕೆ ಕಾಗದದ ಮೇಲೆ 26 ಜೋಡಿ. ನಿಜದಲ್ಲಿ ಇದಕ್ಕಿಂತ ಎಷ್ಟೋ ಕಡಿಮೆ. ಭಾರದ ಗಾಡಿ ಹತ್ತುವಾಗ 30ರ ವೇಗ ಸಿಗುವುದಿಲ್ಲ. ಹಳಿ ರಿಪೇರಿಗೆ ಸಮಯ ಬಿಡಬೇಕು. ಮಳೆಗಾಲದಲ್ಲಿ ವೇಗ ಇನ್ನೂ ತಗ್ಗಿಸುತ್ತಾರೆ.

ಈಗ ಜನರಿಲ್ಲ ಅಂತ ಎಡಕುಮೇರಿ ಮುಚ್ಚಿದೆವು ಅಂದುಕೊಳ್ಳಿ. ಅದೇ ಸರಾಸರಿ ಲೆಕ್ಕದಲ್ಲಿ ಕಡಗರವಳ್ಳಿಯಿಂದ ಸಿರಿಬಾಗಿಲಿಗೆ ನೇರ 22 ಕಿ.ಮೀ. ಆಯಿತು. ಹೋಗಲು 44 ನಿಮಿಷ, ಬರಲು 44 ನಿಮಿಷ, ಮೇಲೆ ಹತ್ತು ನಿಮಿಷ. ಜೋಡಿಗೆ 98 ನಿಮಿಷ. 26 ಇದ್ದದ್ದು 14ಕ್ಕೆ ಬಂತು. ಉಳಿದ ತುಂಡುಗಳು ಚಿಕ್ಕದಾಗಿದ್ದರೂ ಪ್ರಯೋಜನವಿಲ್ಲ. ಎಲ್ಲಕ್ಕಿಂತ ಉದ್ದದ ತುಂಡು ಎಷ್ಟು ಗಾಡಿ ಬಿಡುತ್ತದೋ ಇಡೀ ಘಾಟಿಯಲ್ಲಿ ಅಷ್ಟೇ ಗಾಡಿ. ಒಬ್ಬರೂ ಟಿಕೆಟ್ ತೆಗೆದುಕೊಳ್ಳದ ಒಂದು ಸ್ಟೇಷನ್ ಮುಚ್ಚಿದರೆ ಬೆಂಗಳೂರು–ಮಂಗಳೂರು ನಡುವಿನ ಗಾಡಿಗಳಲ್ಲಿ ಸುಮಾರು ಅರ್ಧಕ್ಕೆ ಕತ್ತರಿ ಬೀಳುತ್ತದೆ. ಕರಾವಳಿಯವರು ಇನ್ನೊಂದು ಹಗಲು ರೈಲು ಬೇಕು ಅಂತ ಕೇಳಿದಾಗಲೆಲ್ಲ ಘಾಟಿಯಲ್ಲಿ ಜಾಗ ಇಲ್ಲ ಅನ್ನುವ ಉತ್ತರ ಯಾಕೆ ಬರುತ್ತದೆ ಅನ್ನುವುದೂ ಇದರಲ್ಲೇ ಇದೆ. ನವ ಮಂಗಳೂರು ಬಂದರಿನ ಸರಕೂ ಇದೇ ಒಂಟಿ ಹಳಿಯಲ್ಲಿ ಬರಬೇಕು.

ಪ್ರಯಾಣಿಕರ ಗಾಡಿ ಈ 55 ಕಿ.ಮೀ.ಗೆ ಎರಡೂವರೆ ಗಂಟೆಯ ಆಸುಪಾಸು ತೆಗೆದುಕೊಳ್ಳುತ್ತದೆ. ಎಲ್ಲೂ ನಿಲ್ಲದೆ 30ರ ವೇಗದಲ್ಲಿ ಹೋದರೆ 1 ಗಂಟೆ 50 ನಿಮಿಷ ಸಾಕು. ಹೆಚ್ಚಿನ ಸಮಯದಲ್ಲಿ ದೊಡ್ಡ ಪಾಲು ಹೋಗುವುದು ಸ್ಟೇಷನ್‌ಗಳಲ್ಲಿ ಕಾಯಲು, ಬ್ರೇಕ್ ನೋಡಿಕೊಳ್ಳಲು.

ನೀಲಗಿರಿ ರೈಲನ್ನು ಇಲ್ಲಿ ಪಕ್ಕಕ್ಕಿಟ್ಟು ನೋಡಬಹುದು. ಮೆಟ್ಟುಪಾಳ್ಯಂ–ಕೂನೂರು ದಾರಿ ತೆರೆದದ್ದು 1899ರಲ್ಲಿ. ಅಲ್ಲಿನ ಇಳಿಜಾರು ಸುಮಾರು 12ಕ್ಕೆ 1, ಹಲ್ಲಿನ ಹಳಿ ಇಲ್ಲದೆ ಹತ್ತಲು ಆಗುವುದೇ ಇಲ್ಲ. ಅಡರ್ಲಿ, ಹಿಲ್‌ಗ್ರೋವ್, ರನ್ನಿಮೀಡ್‌ನಂಥ ಕಾಡಿನ ಸ್ಟೇಷನ್‌ಗಳಲ್ಲಿ ಉಗಿ ಎಂಜಿನ್‌ಗೆ ನೀರು ತುಂಬುತ್ತಾರೆ. ಅಲ್ಲೂ ಸ್ಟೇಷನ್ ಹುಟ್ಟಿದ್ದು ಎಂಜಿನ್‌ನ ಬಾಯಾರಿಕೆಯಿಂದ, ಊರಿನಿಂದಲ್ಲ.

ಗುಡ್ಡಕ್ಕೆ ಏರಿ ಮುಗಿದುಹೋಗುವ ಹಳಿ

ಘಾಟಿ ಸ್ಟೇಷನ್‌ಗೆ ಬಂದಾಗ ಕಿಟಕಿಯಿಂದ ಸರಿಯಾಗಿ ನೋಡಿ. ಮುಖ್ಯ ಹಳಿಯಿಂದ ಒಂದು ಹಳಿ ಕವಲೊಡೆದು ಗುಡ್ಡದ ಕಡೆ ಏರುತ್ತಾ ಹೋಗಿ, ಸ್ವಲ್ಪ ದೂರದಲ್ಲಿ ಮುಗಿದುಬಿಡುತ್ತದೆ. ಹಳೆಯ ಕಾಲದ್ದು, ಬಿಟ್ಟುಹೋದದ್ದು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಅದು ಕ್ಯಾಚ್ ಸೈಡಿಂಗ್. ಮೇಲಿನಿಂದ ಬರುವ ಗಾಡಿಯ ಬ್ರೇಕ್ ಹೋಗಿ ಹಿಡಿತ ತಪ್ಪಿದರೆ, ಅದು ಸ್ಟೇಷನ್‌ನಲ್ಲಿ ನಿಂತಿರುವ ಗಾಡಿಗೆ ನುಗ್ಗದಂತೆ ಈ ಏರು ಹಳಿಗೆ ತಿರುಗಿಸುತ್ತಾರೆ. ಏರು ಮತ್ತು ಮರಳು ಸೇರಿ ಗಾಡಿಯ ವೇಗ ನುಂಗುತ್ತವೆ.

ನಿಯಮ ಹೀಗಿದೆ. ಸ್ಟೇಷನ್ ಕಡೆಗೆ ಇಳಿಯುವ ಹಳಿ 80ಕ್ಕೆ 1ಕ್ಕಿಂತ ಕಡಿದಾಗಿದ್ದರೆ ಕ್ಯಾಚ್ ಸೈಡಿಂಗ್ ಬೇಕು. ಸ್ಟೇಷನ್‌ನಿಂದ ಆಚೆ ಇಳಿಯುವ ಹಳಿ 100ಕ್ಕೆ 1ಕ್ಕಿಂತ ಕಡಿದಾಗಿದ್ದರೆ ಸ್ಲಿಪ್ ಸೈಡಿಂಗ್ ಬೇಕು. ನಿಂತ ಬೋಗಿ ಉರುಳಿ ಕೆಳಗಿನ ಘಾಟಿಗೆ ಹೋಗದಂತೆ ತಡೆಯಲು ಇದು. ನಮ್ಮ ಘಾಟಿಯ ಇಳಿಜಾರು 50ಕ್ಕೆ 1 ಇರುವಾಗ ಈ ಎರಡು ನಿಯಮಗಳ ತೂಕ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಅಂದರೆ ಒಂದೊಂದು ಸ್ಟೇಷನ್ ಕೂಡ ಇಳಿಯುವ ಗಾಡಿಗೆ ಒಂದೊಂದು ತಡೆಗೋಡೆ. ಸಕಲೇಶಪುರದಲ್ಲಿ ಕೈಮೀರಿದ ಗಾಡಿಗೆ ನೆಟ್ಟಣದವರೆಗೂ ನಡುವೆ ಎಲ್ಲೂ ತಡೆಯೇ ಇಲ್ಲ ಅನ್ನುವ ಸ್ಥಿತಿ ಯಾರಿಗೂ ಬೇಡ.

2024ರ ಜುಲೈ 26

ಆ ವರ್ಷ ಜುಲೈನಲ್ಲಿ ಪಶ್ಚಿಮ ಘಟ್ಟದಲ್ಲಿ ಮಳೆ ವಿಪರೀತ. 26ನೇ ತಾರೀಕು ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ, ಹಾಸನದಿಂದ 63ನೇ ಕಿ.ಮೀ. ಹತ್ತಿರ, ಹಳಿಯ ಕಣಿವೆ ಬದಿಯ ಮಣ್ಣು ಜಾರಿತು. ಮೇಲಿನಿಂದ ಗುಡ್ಡ ಬಿದ್ದು ಹಳಿ ಮುಚ್ಚಿದರೆ ಅದು ಒಂದು ರೀತಿ. ಮಣ್ಣು ತೆಗೆದರೆ ಹಳಿ ಸಿಗುತ್ತದೆ. ಇಲ್ಲಿ ಹಳಿಯನ್ನು ಹೊತ್ತ ಏರಿಯೇ ಹೋಯಿತು. ಕೆಳಗಿನಿಂದ ಮತ್ತೆ ಕಟ್ಟಿಕೊಂಡು ಬರಬೇಕು. ಮಳೆಯೂ ಬಿಟ್ಟಿರಲಿಲ್ಲ.

ಅಲ್ಲಿಗೆ ಲಾರಿ ಹೋಗುವ ರಸ್ತೆ ಇಲ್ಲ. ಕಲ್ಲು, ಮರಳು ಚೀಲ, ತಂತಿ ಬಲೆ, ಹಿಟಾಚಿ ಯಂತ್ರ, ಕೆಲಸದವರು, ಅವರ ಊಟ, ನೀರು ಎಲ್ಲವೂ ರೈಲಿನಲ್ಲೇ ಹೋಗಬೇಕಾಯಿತು. ಈಗ ಯೋಚಿಸಿ. ಕುಸಿದ ಜಾಗದ ಎರಡೂ ಕಡೆ ಹತ್ತಿರದಲ್ಲಿ ಒಂದೊಂದು ಸ್ಟೇಷನ್ ಇಲ್ಲದಿದ್ದರೆ ಏನಾಗುತ್ತಿತ್ತು? ಒಂಟಿ ಹಳಿಯಲ್ಲಿ ಕಲ್ಲು ತುಂಬಿದ ಗಾಡಿ ಒಳಗೆ ಹೋದರೆ ಖಾಲಿ ಗಾಡಿ ಹೊರಗೆ ಬರಲು ದಾರಿ ಬೇಕು. ಒಂದು ಖಾಲಿಯಾಗುವವರೆಗೆ ಇನ್ನೊಂದು ಹತ್ತಿರದಲ್ಲೇ ಕಾಯಬೇಕು. ಎಂಜಿನ್ ಹಿಂದಿನಿಂದ ಮುಂದಕ್ಕೆ ಬರಬೇಕು. ಇದೆಲ್ಲ ಲೂಪ್ ಲೈನ್ ಇರುವ ಕಡೆ ಮಾತ್ರ ಆಗುವ ಕೆಲಸ. ಕೆಲಸದ ಜಾಗಕ್ಕೂ ಕಂಟ್ರೋಲ್ ಕಚೇರಿಗೂ ನಡುವೆ ಮಾತು ದಾಟಿಸುವವರು ಕೂಡ ಸ್ಟೇಷನ್ ಮಾಸ್ಟರ್‌ಗಳೇ.

ಏರಿಯ ಬುಡದಲ್ಲಿ ಗೇಬಿಯನ್ ಗೋಡೆ ಕಟ್ಟಿದರು. ತಂತಿ ಬಲೆಯ ಪೆಟ್ಟಿಗೆಯೊಳಗೆ ಕಲ್ಲು ತುಂಬಿ ಒಂದರ ಮೇಲೊಂದು ಇಡುವ ಗೋಡೆ ಇದು. ಕಾಂಕ್ರೀಟ್ ಗೋಡೆ ಒಣಗಲು ಕಾಯಬೇಕು, ನೀರು ಹಿಂದೆ ನಿಂತರೆ ತಳ್ಳುತ್ತದೆ. ಗೇಬಿಯನ್ ಮಧ್ಯೆ ನೀರು ಹರಿದುಹೋಗುತ್ತದೆ, ನೆಲ ಸ್ವಲ್ಪ ಕುಸಿದರೂ ಗೋಡೆ ಬಾಗಿಕೊಂಡು ನಿಲ್ಲುತ್ತದೆ. ಸುರಿಯುವ ಮಳೆಯಲ್ಲಿ ಆತುರದ ಕೆಲಸಕ್ಕೆ ಇದೇ ಸರಿ. ಆಗಸ್ಟ್‌ನ ಮೊದಲ ಹತ್ತು ದಿನಗಳೊಳಗೆ ಮೊದಲು ಗೂಡ್ಸ್, ಆಮೇಲೆ ಪ್ರಯಾಣಿಕರ ಗಾಡಿ ಓಡಿದವು. ಅಷ್ಟರಲ್ಲೇ ಆಗಸ್ಟ್ 10ರಂದು ಸಕಲೇಶಪುರ–ಬಾಳ್ಳುಪೇಟೆ ನಡುವೆ ಗುಡ್ಡ ಜರಿದು ಮತ್ತೆ ದಾರಿ ಬಂದ್. ಬೆಂಗಳೂರು–ಕಣ್ಣೂರು ಗಾಡಿಯಂಥವು ಸೇಲಂ, ಶೋರನೂರು ಸುತ್ತಿ ಹೋದವು.

ಇದು ಒಂದು ವರ್ಷದ ಕಥೆ ಆಗಿದ್ದರೆ ಆಕಸ್ಮಿಕ ಅನ್ನಬಹುದಿತ್ತು. 2018ರ ಆಗಸ್ಟ್‌ನಲ್ಲಿ, ಕೊಡಗು ಕುಸಿದ ಅದೇ ಮಳೆಯಲ್ಲಿ, ಈ ಘಾಟಿಯಲ್ಲಿ ಹತ್ತಾರು ಕಡೆ ಮಣ್ಣು ಬಂದು ಅಕ್ಟೋಬರ್‌ವರೆಗೆ ಗಾಡಿ ಓಡಲಿಲ್ಲ. 2019ರಲ್ಲಿ ಮತ್ತೆ ಕುಸಿತ. ಮಳೆಗಾಲದ ಕುಸಿತ ಈ ದಾರಿಗೆ ಹೊಸದಲ್ಲ. ಅಂಥ ದಿನಗಳಲ್ಲಿ ಕೆಲಸ ಎಲ್ಲಿಂದ ನಡೆಯುತ್ತದೆ ಅನ್ನುವುದನ್ನೇ ಸ್ಟೇಷನ್‌ನ ಬೆಲೆಯಲ್ಲಿ ಮೊದಲು ಸೇರಿಸಬೇಕು.

ಅಲ್ಲಿ ಇರುವವರು

ಈ ವಿಷಯದಲ್ಲಿ ನನಗೆ ಹೆಚ್ಚು ಕಾಳಜಿ ಇರುವುದು ಇಲ್ಲಿ. ಮಳೆಗಾಲ ಬಂತೆಂದರೆ ಹಳಿಯ ಗಸ್ತು ಶುರು. ಗ್ಯಾಂಗ್‌ಮನ್‌ಗಳು ರಾತ್ರಿ ಪಾಳಿಯಲ್ಲಿ ಟಾರ್ಚ್, ಕೆಂಪು ಹಸಿರು ದೀಪ, ಡಿಟೋನೇಟರ್ (ಚಾಲಕನನ್ನು ಎಚ್ಚರಿಸುವ ಪಟಾಕಿ) ಹಿಡಿದು ತಮ್ಮ ಪಾಲಿನ ಹಳಿ ನಡೆಯುತ್ತಾರೆ. ಅಪಾಯದ ಜಾಗಗಳಲ್ಲಿ ಕಾವಲುಗಾರರು ಒಂದೇ ಕಡೆ ಕೂರುತ್ತಾರೆ. ಮರ ಬಿದ್ದಿದೆಯಾ, ಬಂಡೆ ಬಂದಿದೆಯಾ, ಮೋರಿಯಲ್ಲಿ ನೀರು ಕಟ್ಟಿಕೊಂಡಿದೆಯಾ ಅಂತ ನೋಡುತ್ತಾರೆ.

ಏನಾದರೂ ಕಂಡರೆ ಮಾಡಬೇಕಾದ್ದು ನಿಗದಿಯಾಗಿದೆ. ಬ್ರಾಡ್‌ಗೇಜ್‌ನಲ್ಲಿ ಅಪಾಯದ ಜಾಗದಿಂದ 600 ಮೀಟರ್ ದೂರದಲ್ಲಿ ಹಳಿಯ ಮೇಲೆ ಒಂದು ಡಿಟೋನೇಟರ್ ಕಟ್ಟಬೇಕು. ಇನ್ನೂ ಮುಂದೆ ಓಡಿ 1200 ಮೀಟರ್‌ನಲ್ಲಿ ಹತ್ತು ಹತ್ತು ಮೀಟರ್ ಅಂತರದಲ್ಲಿ ಮೂರು ಕಟ್ಟಬೇಕು. ಗಾಲಿ ಹತ್ತಿದಾಗ ಅವು ಢಂ ಅನ್ನುತ್ತವೆ, ಚಾಲಕ ಬ್ರೇಕ್ ಹಾಕುತ್ತಾನೆ. ಓದಲು ಎರಡು ಸಾಲು. ಜಡಿಮಳೆಯಲ್ಲಿ, ಕತ್ತಲಲ್ಲಿ, ಜಾರುವ ಜಲ್ಲಿ ಕಲ್ಲಿನ ಮೇಲೆ, ಸೇತುವೆ ಸುರಂಗ ದಾಟಿಕೊಂಡು 1200 ಮೀಟರ್ ಓಡುವುದು ಏನು ಅಂತ ಆ ಕೆಲಸ ಮಾಡಿದವರಿಗೇ ಗೊತ್ತು. ಆನೆ ಓಡಾಡುವ ಕಾಡು ಬೇರೆ. ಈ ಜನ ಗಸ್ತು ಶುರು ಮಾಡುವುದು, ಮುಗಿಸಿ ಬಟ್ಟೆ ಒಣಗಿಸಿಕೊಳ್ಳುವುದು ಎಲ್ಲ ಈ ಸ್ಟೇಷನ್‌ಗಳ ಆಸರೆಯಲ್ಲೇ. ಪ್ರಯಾಣಿಕರಿಲ್ಲದ ಸ್ಟೇಷನ್ ಅನ್ನುವಾಗ ಇವರನ್ನು ನಾವು ಲೆಕ್ಕಕ್ಕೇ ಹಿಡಿದಿರುವುದಿಲ್ಲ.

ರಸ್ತೆ ಇಲ್ಲದ ಕಡೆ ದಿನಸಿ, ತರಕಾರಿ, ಔಷಧಿ ಎಲ್ಲಕ್ಕೂ ರೈಲೇ ಗತಿ. ಹಳಿ ಕುಸಿದ ದಿನ ಎಲ್ಲರಿಗಿಂತ ಮೊದಲು ಸಿಕ್ಕಿಬೀಳುವವರೂ ಇವರೇ. ರಾತ್ರಿ ಯಾರಿಗಾದರೂ ಎದೆನೋವು ಬಂದರೆ, ಹಾವು ಕಚ್ಚಿದರೆ, ಆಂಬುಲೆನ್ಸ್ ಬಾಗಿಲಿಗೆ ಬರುವುದಿಲ್ಲ.

ಪ್ರವಾಸಿಗರಿಗೆ ತೆರೆಯಬೇಕಾ?

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಎಡಕುಮೇರಿಯನ್ನು ಪ್ರವಾಸಿ ಸ್ಟೇಷನ್ ಮಾಡಬಾರದು. ದೋಣಿಗಲ್ ಹೆದ್ದಾರಿಗೆ ಹತ್ತಿರ ಇದೆ, ಅದರ ಮಾತು ಬೇರೆ. ಎಡಕುಮೇರಿಯಲ್ಲಿ ಇಳಿದವರು ನಡೆಯುವುದು ಹೆಚ್ಚಾಗಿ ಹಳಿಯ ಮೇಲೇ. ಹಳಿಯ ಮೇಲೆ ಸುರಂಗವಿದೆ, ಸೇತುವೆಯಿದೆ. ಸುರಂಗದ ನಡುವೆ ಇರುವಾಗ ಗಾಡಿ ಬಂದರೆ ಗೋಡೆಗೆ ಒತ್ತಿಕೊಳ್ಳುವುದು ಬಿಟ್ಟರೆ ದಾರಿ ಇಲ್ಲ. ಇಳಿಯುವ ಗಾಡಿಗೆ ಥಟ್ಟನೆ ನಿಲ್ಲಲೂ ಆಗುವುದಿಲ್ಲ. ಹಳಿಯ ಮೇಲೆ ಅನುಮತಿ ಇಲ್ಲದೆ ನಡೆಯುವುದು 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅಪರಾಧ. ಆರು ತಿಂಗಳವರೆಗೆ ಜೈಲು, 1000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಆದರೂ ಹಳೆಯ ಟ್ರೆಕ್ಕಿಂಗ್ ಹೆಸರು ಹಿಡಿದು ಜನ ಬರುತ್ತಲೇ ಇರುತ್ತಾರೆ.

ತೆರೆದರೆ ಏನಾಗುತ್ತದೆ ಅಂತ ನೋಡಲು ಕರ್ನಾಟಕ–ಗೋವಾ ಗಡಿಯ ಬ್ರಗಾಂಜಾ ಘಾಟಿ ಸಾಕು. ಕ್ಯಾಸಲ್‌ರಾಕ್‌ನಿಂದ ಕುಳೆಂವರೆಗಿನ ಆ ಘಾಟಿಯ ಇಳಿಜಾರು 37ಕ್ಕೆ 1. ನಡುವೆ ದೂಧ್‌ಸಾಗರ್ ಜಲಪಾತ. 2023ರ ಜುಲೈನಲ್ಲಿ ಜಲಪಾತ ನೋಡಲು ನೂರಾರು ಜನ ಹಳಿಯ ಮೇಲೆ ಮುಗಿಬಿದ್ದರು. ಪೊಲೀಸರು ಬಸ್ಕಿ ಹೊಡೆಸಿದ ಚಿತ್ರಗಳು ಎಲ್ಲೆಡೆ ಓಡಾಡಿದವು. ಜಲಪಾತವನ್ನು ಬೋಗಿಯೊಳಗಿಂದಲೇ ನೋಡಿ ಅಂತ ನೈಋತ್ಯ ರೈಲ್ವೆ ಕೇಳಿಕೊಳ್ಳಬೇಕಾಯಿತು. ಅಂಥ ಗುಂಪನ್ನು ಎಡಕುಮೇರಿಯ ಕೈಬೆರಳೆಣಿಕೆಯ ಸಿಬ್ಬಂದಿ ತಡೆಯಬೇಕಾ, ಗಾಡಿ ನೋಡಿಕೊಳ್ಳಬೇಕಾ?

ಘಾಟಿ ನೋಡುವ ಆಸೆ ತಪ್ಪಲ್ಲ. ಅದಕ್ಕೆ ದಾರಿ ಈಗಾಗಲೇ ಇದೆ. 2021ರ ಜುಲೈಯಿಂದ ಈ ಮಾರ್ಗದ ಹಗಲು ಗಾಡಿಗಳಿಗೆ ವಿಸ್ಟಾಡೋಮ್ ಬೋಗಿ ಬಂದಿದೆ. ದೊಡ್ಡ ಗಾಜು, ಗಾಜಿನ ಛಾವಣಿ, ತಿರುಗುವ ಸೀಟು. ಅಷ್ಟು ದುಡ್ಡು ಬೇಡ ಅನ್ನುವವರಿಗೆ ಮಾಮೂಲಿ ಬೋಗಿಯ ಕಿಟಕಿಯೂ ಕಡಿಮೆಯಲ್ಲ. ಗಾಡಿ ನಿಧಾನ ಹೋಗುವುದೇ ಇಲ್ಲಿ ನೋಡುವವರಿಗೆ ಅನುಕೂಲ. ಹಗಲು ಗಾಡಿ ಜಾಸ್ತಿ ಬೇಕು ಅಂತ ಕೇಳುವುದು ಸರಿ. ಕಾಡಿನಲ್ಲಿ ಇಳಿಸಿ ಅಂತ ಕೇಳುವುದು ಸರಿಯಲ್ಲ.

ಮುಂದೇನು?

2025ರಲ್ಲಿ ವಿದ್ಯುತ್ ಮಾರ್ಗದ ಕೆಲಸಕ್ಕಾಗಿ ಹಗಲು ಗಾಡಿಗಳನ್ನು ಜೂನ್‌ನಿಂದ ತಿಂಗಳುಗಟ್ಟಲೆ ನಿಲ್ಲಿಸಿದ್ದರು. ವಿದ್ಯುತ್ ಎಂಜಿನ್ ಹತ್ತುವಾಗ ಹೆಚ್ಚು ಬಲ ಕೊಡುತ್ತದೆ, ಇಳಿಯುವಾಗ ಬ್ರೇಕಿನ ಶಕ್ತಿಯನ್ನು ವಿದ್ಯುತ್ತಾಗಿ ವಾಪಸ್ ಕೊಡಬಲ್ಲದು. ಸುರಂಗದಲ್ಲಿ ಡೀಸೆಲ್ ಹೊಗೆ ಇರುವುದಿಲ್ಲ. ಆದರೆ ತಿರುವು, ಇಳಿಜಾರು, ಒಂಟಿ ಹಳಿ ಅಲ್ಲೇ ಇರುತ್ತವೆ. ಕ್ರಾಸಿಂಗ್ ಕೂಡ ಇರುತ್ತದೆ. ಆದ್ದರಿಂದ ವಿದ್ಯುತ್ ಬಂದ ಮಾತ್ರಕ್ಕೆ ಈ ಸ್ಟೇಷನ್‌ಗಳ ಕೆಲಸ ಕಡಿಮೆಯಾಗುವುದಿಲ್ಲ. ಮುಂದೆಂದಾದರೂ ಜೋಡಿ ಹಳಿ ಬಂದರೆ ಕ್ರಾಸಿಂಗ್ ತಪ್ಪೀತು, ಆಗಲೂ ಕ್ಯಾಚ್ ಸೈಡಿಂಗ್ ಬೇಕು, ಗಸ್ತಿಗೆ ನೆಲೆ ಬೇಕು.

ದುಡ್ಡು ಖರ್ಚು ಮಾಡುವುದಾದರೆ ಮೊದಲು ಅಲ್ಲಿನ ಸಿಬ್ಬಂದಿಗೆ ಮಾಡಲಿ. ಸೋರದ ಕ್ವಾರ್ಟರ್ಸ್, ಮಳೆಗಾಲದಲ್ಲೂ ಶುದ್ಧ ನೀರು, ಕರೆಂಟ್ ಹೋದರೂ ಕೈಕೊಡದ ಫೋನು, ವಾರಕ್ಕೊಮ್ಮೆಯಾದರೂ ಬಂದು ಹೋಗುವ ವೈದ್ಯರು. ಹಳಿ ಬಂದ್ ಆದರೂ ಕೆಲವು ವಾರ ಸಾಕಾಗುವಷ್ಟು ದಿನಸಿ ಮತ್ತು ಔಷಧಿ ಜೂನ್ ಒಳಗೆ ಸ್ಟೇಷನ್‌ನಲ್ಲಿ ಇರಬೇಕು. ಹಾವಿನ ವಿಷಕ್ಕೆ ಔಷಧಿ ಕೊಡುವ ಆಸ್ಪತ್ರೆಗೆ ರಾತ್ರಿ ಹೊತ್ತಿನಲ್ಲಿ ಎಂಜಿನ್‌ನಲ್ಲೇ ಕರೆದೊಯ್ಯುವ ವ್ಯವಸ್ಥೆ ಮೊದಲೇ ಬರೆದಿಟ್ಟಿರಬೇಕು. ಆ ಗಳಿಗೆಯಲ್ಲಿ ಯಾರ ಅನುಮತಿ ಅಂತ ಹುಡುಕುವಂತಾಗಬಾರದು. ಮಕ್ಕಳ ಶಾಲೆಗಾಗಿ ಕುಟುಂಬ ಕೆಳಗೆ ನೆಟ್ಟಣದಲ್ಲೋ ಮೇಲೆ ಸಕಲೇಶಪುರದಲ್ಲೋ ಇದ್ದರೆ, ರಜೆಯ ದಿನ ಹೋಗಿಬರಲು ಗೊತ್ತಾದ ಹೊತ್ತಿಗೆ ಒಂದು ಗಾಡಿ ಸಿಗಬೇಕು.

ಪ್ರಯಾಣಿಕರ ಕಡೆಯಿಂದ ನೋಡಿದರೆ ಒಂದು ಸಣ್ಣ ಬದಲಾವಣೆ ಸಾಕು. ಗಾಡಿ ನಿಂತಾಗ ಯಾಕೆ ನಿಂತಿದೆ ಅಂತ ಯಾರೂ ಹೇಳುವುದಿಲ್ಲ. ಹತ್ತು ನಿಮಿಷ ಕಳೆದರೆ ಬಾಗಿಲಲ್ಲಿ ನಿಂತವರು ಕೆಳಗೆ ಇಳಿಯುತ್ತಾರೆ, ಫೋಟೋ ತೆಗೆಯಲು ಪಕ್ಕದ ಹಳಿಗೆ ಹೋಗುತ್ತಾರೆ. ಎದುರು ಗಾಡಿ ಬರುವುದು ಅದೇ ಹಳಿಗೆ. ವಿಸ್ಟಾಡೋಮ್ ಇರುವ ಗಾಡಿಯಿಂದಲೇ ಶುರು ಮಾಡಬಹುದು. ಕ್ರಾಸಿಂಗ್‌ಗಾಗಿ ನಿಂತಿದ್ದೇವೆ, ಪಕ್ಕದ ಹಳಿಯಲ್ಲಿ ಗಾಡಿ ಬರುತ್ತಿದೆ, ಯಾರೂ ಇಳಿಯಬೇಡಿ ಅಂತ ಕನ್ನಡ, ತುಳು, ಹಿಂದಿಯಲ್ಲಿ ಧ್ವನಿವರ್ಧಕದಲ್ಲಿ ಒಂದು ಮಾತು. ಉಳಿದ ಬೋಗಿಗಳಲ್ಲಿ ಬಾಗಿಲ ಪಕ್ಕ ಅದೇ ಮಾತಿನ ಒಂದು ಫಲಕ, ಜೊತೆಗೆ ನಾಲ್ಕು ಸ್ಟೇಷನ್‌ಗಳ ಹೆಸರು ಮತ್ತು ಅಲ್ಲಿ ಏನು ಕೆಲಸ ನಡೆಯುತ್ತದೆ ಅಂತ ಎರಡೆರಡು ಸಾಲು. ಇದಕ್ಕೆ ಹೊಸ ಹಳಿ ಬೇಡ, ಹೊಸ ಕಟ್ಟಡ ಬೇಡ. ಮುಂದಿನ ಮಳೆಗಾಲದೊಳಗೆ ಮಾಡಿ ಮುಗಿಸಬಹುದು.